ಎಣ್ಣೆ ಸೋರಿಕೆ ಮತ್ತು ಅಳಿವೆಯ ಕೆಸರು: ‘ಆಯಿಲ್ ಅಂಡ್ ಗ್ರೀಸ್’ ಅಂಕೆ ಒಂದನ್ನೇ ನಂಬಬಹುದಾ?

ಕಡಲಬದಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟಿಗೆ ನಮ್ಮ ಕರಾವಳಿಯ ಒಂದು ಅಳಿವೆಯ ಕೆಸರು, ಪಕ್ಕದ ಬೀಚಿನ ಮರಳು ಎರಡರಲ್ಲೂ ಪೆಟ್ರೋಲಿಯಂ ಹೈಡ್ರೋಕಾರ್ಬನ್ ಎಷ್ಟಿದೆ ಎಂದು ನೋಡುತ್ತಿದ್ದೇನೆ. 2022ರ ಜೂನ್‌ನಲ್ಲಿ ಉಳ್ಳಾಲದ ಉಚ್ಚಿಲ ಕಡೆ ಪ್ರಿನ್ಸೆಸ್ ಮಿರಾಲ್ ಹಡಗು ಸುಮಾರು 220 ಟನ್ ಎಣ್ಣೆ ಇಟ್ಟುಕೊಂಡೇ ಮುಳುಗಿತು. 2025ರ ಮೇ 25ರಂದು ಕೊಚ್ಚಿಯಾಚೆ ಎಂಎಸ್‌ಸಿ ಎಲ್ಸಾ 3 ಮುಳುಗಿದಾಗ ಅದರಲ್ಲಿ 367 ಟನ್ ಫರ್ನೇಸ್ ಆಯಿಲ್, 84 ಟನ್ ಡೀಸೆಲ್ ಇತ್ತು. ಇಂಥದ್ದು ನಾಳೆ ನಮ್ಮ ದಡಕ್ಕೇ ಬಂದರೆ ‘ಮೊದಲು ಎಷ್ಟಿತ್ತು’ ಅನ್ನಲು ಒಂದು ಅಂಕೆಯಾದರೂ ಬೇಕಲ್ಲ, ಅದೇ ಉದ್ದೇಶ.

ಈವರೆಗೆ ಮಾಡಿದ್ದು: ಇಳಿತದ ಹೊತ್ತಿಗೆ ಮೇಲಿನ 5 ಸೆಂ.ಮೀ. ಕೆರೆದು, ಝಿಪ್ ಕವರಿಗೆ ಹಾಕಿ, ಎರಡು ವಾರ ಫ್ರಿಜ್‌ನಲ್ಲಿಟ್ಟು ಹೊರಗಿನ ಲ್ಯಾಬಿಗೆ ಕೊಟ್ಟೆ. ‘ಆಯಿಲ್ ಅಂಡ್ ಗ್ರೀಸ್’ ರಿಪೋರ್ಟ್ ಬಂದಿದೆ. ಅಳಿವೆಯ ಕೆಸರಿನಲ್ಲಿ ಕೆಜಿಗೆ 180 ಮಿ.ಗ್ರಾಂ., ಬೀಚಿನ ಮರಳಿನಲ್ಲಿ 15.

1. ಕೆಸರಿನ 180 ಅಂದರೆ ಹಳೆಯ ಸೋರಿಕೆಯ ಕುರುಹು ಅಂತ ಬರೆಯಬಹುದಾ?
2. ಬೀಚ್ ಚೊಕ್ಕಟವಾಗಿದೆ ಅಂತ ಬರೆಯಬಹುದಾ?
3. ಮುಂದಿನ ಹಂತಕ್ಕೆ ‘16 ಪಿಎಎಚ್’ (ಬೆಂಝೀನ್ ಉಂಗುರಗಳು ಕೂಡಿಕೊಂಡ ಹೈಡ್ರೋಕಾರ್ಬನ್‌ಗಳು) ಪ್ಯಾಕೇಜ್ ಮಾಡಿಸಿ ಅನ್ನುತ್ತಿದ್ದಾರೆ. ಅದು ಸಾಕಾ?

ಹೋಪೇನ್191:

ಮೂರಕ್ಕೂ ಉತ್ತರ ‘ಇಲ್ಲ’. ಕಾರಣ ಹೇಳುತ್ತೇನೆ.

ಆಯಿಲ್ ಅಂಡ್ ಗ್ರೀಸ್ ಪರೀಕ್ಷೆಯಲ್ಲಿ ಸಾಲ್ವೆಂಟಿಗೆ ಕರಗಿದ್ದನ್ನೆಲ್ಲ ಒಣಗಿಸಿ ತೂಗುತ್ತಾರೆ, ಅಷ್ಟೇ. ಪಾಚಿಯ ಹಸಿರು, ಕಾಂಡ್ಲಾ (ಮ್ಯಾಂಗ್ರೋವ್) ಎಲೆಯ ಮೇಣ, ಬೋಟು ನಿಲ್ಲುವ ಧಕ್ಕೆಯಿಂದ ಹರಿದುಬಂದ ಬೂತಾಯಿ ಮೀನಿನ ಎಣ್ಣೆ, ಕೆಸರಿನೊಳಗಿನ ಗಂಧಕ, ಎಲ್ಲವೂ ಆ ತೂಕದಲ್ಲಿ ಸೇರಿರುತ್ತವೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತಾರಲ್ಲ, ಹಾಗೆ ಜಿಡ್ಡಾಗಿರುವುದೆಲ್ಲ ಪೆಟ್ರೋಲಿಯಂ ಅಲ್ಲ. ಮೀನಿನ ಕೊಬ್ಬು, ಗಿಡದ ಮೇಣ ಹೇರಳವಾಗಿರುವ ಅಳಿವೆಯಲ್ಲಿ 180 ಬಂದರೆ ಅದರಲ್ಲಿ ಪೆಟ್ರೋಲಿಯಂ ಪಾಲು ಎಷ್ಟು ಎಂದು ಆ ಅಂಕೆ ಬಾಯಿಬಿಡುವುದಿಲ್ಲ.

ಇನ್ನೊಂದು: ಆ 180 ಹಸಿ ತೂಕಕ್ಕೋ ಒಣ ತೂಕಕ್ಕೋ? ರಿಪೋರ್ಟಿನಲ್ಲಿ ಬರೆದಿಲ್ಲದಿದ್ದರೆ ಕೇಳಿ. ಕೆಸರಿನಲ್ಲಿ ಶೇ. 60 ನೀರಿದ್ದರೆ ಹಸಿ ತೂಕದ 100 ಒಣ ತೂಕಕ್ಕೆ 250 ಆಗುತ್ತದೆ. ಮರಳಿನಲ್ಲಿ ಇಷ್ಟು ವ್ಯತ್ಯಾಸ ಬರುವುದಿಲ್ಲ. ಹಾಗಾಗಿ ಹಸಿ ತೂಕದಲ್ಲಿ ಕೆಸರನ್ನೂ ಮರಳನ್ನೂ ಹೋಲಿಸಿದರೆ ಮೊದಲ ಹೆಜ್ಜೆಯಲ್ಲೇ ಎಡವಿದಂತೆ.

ಒಣ ತೂಕಕ್ಕೆ ತಂದರೂ ಮುಗಿಯಲಿಲ್ಲ. ಹೈಡ್ರೋಕಾರ್ಬನ್ ಅಂಟಿಕೊಳ್ಳುವುದು ಜೇಡಿಯ ಸಣ್ಣ ಕಣಕ್ಕೆ, ಸಾವಯವ ಇಂಗಾಲಕ್ಕೆ. ಆದ್ದರಿಂದ ಪ್ರತಿ ಸ್ಯಾಂಪಲಿಗೂ ಕಣಗಾತ್ರ ಮತ್ತು ಒಟ್ಟು ಸಾವಯವ ಇಂಗಾಲ ಮಾಡಿಸಲೇಬೇಕು. ಶೇ. 0.1 ಇಂಗಾಲವಿರುವ ಮರಳಿನಲ್ಲಿ ಗ್ರಾಮಿಗೆ 2 ಮೈಕ್ರೋಗ್ರಾಂ ಪಿಎಎಚ್ ಇದ್ದರೆ, ಇಂಗಾಲದ ಲೆಕ್ಕದಲ್ಲಿ ಅದು ಗ್ರಾಮಿಗೆ 2,000. ಅದೇ 2 ಮೈಕ್ರೋಗ್ರಾಂ ಶೇ. 2 ಇಂಗಾಲವಿರುವ ಕೆಸರಿನಲ್ಲಿದ್ದರೆ ಬರೀ 100. ಮರಳೊಳಗಿನ ಮರುವಾಯಿಗೆ (ಚಿಪ್ಪುಜೀವಿ) ತಟ್ಟುವ ವಿಷದ ಮಟ್ಟ ಈ ಇಂಗಾಲದ ಲೆಕ್ಕದ ಹತ್ತಿರ ಹೋಗುತ್ತದೆ.

16 ಪಿಎಎಚ್ ವಿಷಯ. ಅದು ಅಮೆರಿಕದ ಪರಿಸರ ಸಂಸ್ಥೆ ಇಪಿಎಯ ಪಟ್ಟಿ, ಅದರಲ್ಲಿರುವುದು ಬಾಲವಿಲ್ಲದ ಮೂಲ ಅಣುಗಳು. ಕಚ್ಚಾ ಎಣ್ಣೆಯಲ್ಲಿ, ಫರ್ನೇಸ್ ಆಯಿಲಿನಲ್ಲಿ ಹೆಚ್ಚಿರುವುದು ಮೀಥೈಲ್, ಈಥೈಲ್ ಬಾಲ ಅಂಟಿದ ಅಣುಗಳು: ಸಿ1ರಿಂದ ಸಿ4ವರೆಗಿನ (ಬಾಲದಲ್ಲಿ ಒಂದರಿಂದ ನಾಲ್ಕು ಇಂಗಾಲವಿರುವ) ನ್ಯಾಫ್ತಲೀನ್, ಫೆನಾಂತ್ರೀನ್, ಡೈಬೆಂಝೋಥಯೋಫೀನ್. ಇವುಗಳನ್ನು ಸಾಲಾಗಿ ಬಿಡಿಸಿದರೆ ಎಣ್ಣೆಯಾದರೆ ನಡುವೆ ಉಬ್ಬಿದ ಗುಡ್ಡದ ಆಕಾರ ಕಾಣುತ್ತದೆ. ಕಟ್ಟಿಗೆ, ಕಸ, ಇಂಜಿನ್ ಹೊಗೆಯ ಮಸಿಯಾದರೆ ಬಾಲವಿಲ್ಲದ್ದೇ ಎತ್ತರ, ಅಲ್ಲಿಂದ ಇಳಿಜಾರು. 16ರ ಪ್ಯಾಕೇಜಿನಲ್ಲಿ ಈ ಗುಡ್ಡವೇ ಕಾಣುವುದಿಲ್ಲ. ದುಡ್ಡು ಕೊಟ್ಟು ಬೇಕಾದ್ದನ್ನೇ ಬಿಟ್ಟುಬಂದಂತೆ. ‘ಆಲ್ಕೈಲ್ (ಅಂದರೆ ಬಾಲವಿರುವ) ಪಿಎಎಚ್, ಜೊತೆಗೆ ಹೋಪೇನ್, ಸ್ಟೆರೇನ್’ ಎಂದು ಕೇಳಿ. ಕೊನೆಯ ಎರಡು ಎಣ್ಣೆಯ ಗುರುತು ಹೇಳುವ ಅಣುಗಳು. ಅಣುಗಳನ್ನು ಬಿಡಿಸಿ ತೂಕದಿಂದ ಗುರುತಿಸುವ ಜಿಸಿ-ಎಂಎಸ್ ಯಂತ್ರದಲ್ಲಿ ಫೆನಾಂತ್ರೀನ್ ಸಾಲಿಗೆ 178, 192, 206, 220. ಡೈಬೆಂಝೋಥಯೋಫೀನಿಗೆ 184, 198, 212, 226. ಹೋಪೇನಿಗೆ 191, ಸ್ಟೆರೇನಿಗೆ 217. ಈ ಮಾಸ್‌ಗಳನ್ನು ಓಡಿಸುತ್ತೀರಾ ಎಂದು ಕೇಳಿದರೆ ಲ್ಯಾಬಿಗೆ ಕೆಲಸ ಗೊತ್ತೋ ಇಲ್ಲವೋ ತಿಳಿದುಹೋಗುತ್ತದೆ.

ಝಿಪ್ ಕವರ್ ಮಾತ್ರ ಇನ್ನು ಮುಂದೆ ಬೇಡ. ಪ್ಲಾಸ್ಟಿಕ್‌ನಿಂದ ಥ್ಯಾಲೇಟ್ ಎಂಬ ರಾಸಾಯನಿಕ ಇಳಿಯುತ್ತದೆ, ಹಗುರ ಹೈಡ್ರೋಕಾರ್ಬನ್‌ಗಳನ್ನು ಪ್ಲಾಸ್ಟಿಕ್ಕೇ ಹೀರಿಕೊಳ್ಳುತ್ತದೆ. ಕಂದು ಗಾಜಿನ ಜಾಡಿ, ಮುಚ್ಚಳದೊಳಗೆ ಟೆಫ್ಲಾನ್. ಇಲ್ಲದಿದ್ದರೆ 450 ಡಿಗ್ರಿಯಲ್ಲಿ ನಾಲ್ಕು ಗಂಟೆ ಸುಟ್ಟ ಅಲ್ಯೂಮಿನಿಯಂ ಫಾಯಿಲ್. ಸ್ಟೀಲ್ ಚಮಚ, ಹೆಕ್ಸೇನಿನಲ್ಲಿ ತೊಳೆದದ್ದು. ಅದೇ ದಿನ ಮೈನಸ್ 20ಕ್ಕೆ. ಫ್ರಿಜ್‌ನ 4 ಡಿಗ್ರಿಯಲ್ಲಿ ಬ್ಯಾಕ್ಟೀರಿಯಾ ನಿಧಾನವಾಗುತ್ತವೆ, ಸುಮ್ಮನಾಗುವುದಿಲ್ಲ. ಎರಡು ವಾರದಲ್ಲಿ ನಾರ್ಮಲ್ ಆಲ್ಕೇನ್‌ಗಳನ್ನು (ನೇರ ಸರಪಳಿಯ ಹೈಡ್ರೋಕಾರ್ಬನ್) ಸ್ವಲ್ಪ ತಿಂದಿರಲೂಬಹುದು.

ಇಳಿತದ ಹೊತ್ತು:

ಲ್ಯಾಬಿನ ಮಾತು ಮೇಲಿನವರು ಹೇಳಿದ್ದಾರೆ. ನಾನು ಬೀಚಿಗೆ ಬರುತ್ತೇನೆ, ಏಕೆಂದರೆ ನಿಮ್ಮ ಎರಡನೇ ಪ್ರಶ್ನೆಯೇ ಹೆಚ್ಚು ಅಪಾಯದ್ದು. ಮೇಲಿನ 5 ಸೆಂ.ಮೀ. ಕೆರೆದು ‘ಬೀಚ್ ಚೊಕ್ಕ’ ಅನ್ನುವುದು ಮಡಕೆಯ ಮುಚ್ಚಳ ನೋಡಿ ಅನ್ನ ಬೆಂದಿದೆ ಅಂದ ಹಾಗೆ.

ಎಕ್ಸಾನ್ ವಾಲ್ಡೀಝ್ ಎಂಬ ಎಣ್ಣೆ ಹಡಗು ಅಲಾಸ್ಕದ ಪ್ರಿನ್ಸ್ ವಿಲಿಯಂ ಸೌಂಡಿನ ಬ್ಲೈ ರೀಫಿಗೆ ಬಡಿದದ್ದು 1989ರ ಮಾರ್ಚ್ 24. ಸೋರಿದ್ದು ಸುಮಾರು 4 ಕೋಟಿ ಲೀಟರ್ ಕಚ್ಚಾ ಎಣ್ಣೆ. ಬಂಡೆ ಮೇಲಿನ ಕಪ್ಪು ಹೋದ ಮೇಲೆ ಉಳಿದದ್ದೂ ಬೇಗ ಕರಗುತ್ತದೆ ಎಂದೇ ಬಹಳ ಮಂದಿ ಎಣಿಸಿದ್ದರು. 2001ರಲ್ಲಿ 91 ಕಡೆ ಒಟ್ಟು 9,000ದಷ್ಟು ಗುಂಡಿ ತೋಡಿ ನೋಡಿದರೆ ಅರ್ಧಕ್ಕಿಂತ ಹೆಚ್ಚು ತಾಣಗಳಲ್ಲಿ ಎಣ್ಣೆ ಸಿಕ್ಕಿತು, ಅದೂ ಬಹಳಷ್ಟು ಕಡೆ ಕಲ್ಲು-ಮರಳಿನ ಅಡಿಯಲ್ಲಿ. ಆಮೇಲಿನ ಅಧ್ಯಯನಗಳು ಕಾರಣ ತೋರಿಸಿದವು: ಅಲ್ಲಿನ ಬೀಚ್‌ಗಳು ಎರಡು ಪದರದವು. ಮೇಲಿನದು ನೀರು ಸಲೀಸಾಗಿ ಹರಿಯುವ ಪದರ, ಕೆಳಗಿನದು ಅದಕ್ಕಿಂತ ನೂರಾರು ಪಟ್ಟು ಬಿಗಿ. ಇಳಿತದಲ್ಲಿ ನೀರಿನ ಮಟ್ಟ ಕೆಳಪದರಕ್ಕೆ ಜಾರಿದಾಗ ಎಣ್ಣೆಯೂ ಅದರೊಡನೆ ಇಳಿಯಿತು. ಒಮ್ಮೆ ಇಳಿದ ಮೇಲೆ ಅಲ್ಲಿಗೆ ಆಮ್ಲಜನಕವೂ ಸರಿಯಾಗಿ ಹೋಗುವುದಿಲ್ಲ, ಪೋಷಕಾಂಶವೂ ಹೋಗುವುದಿಲ್ಲ. ಎಣ್ಣೆ ಹಾಗೇ ಉಳಿಯಿತು.

ನಮ್ಮ ಬೀಚ್‌ಗಳ ರೀತಿ ಬೇರೆ. ಜೂನ್‌ನಲ್ಲಿ ಮಳೆಗಾಲದ ಅಲೆ ಮರಳನ್ನು ಕೊಚ್ಚಿ ಹೊರಗಿನ ದಿಬ್ಬಕ್ಕೆ ಒಯ್ಯುತ್ತದೆ, ಸೆಪ್ಟೆಂಬರ್ ಕಳೆದ ಮೇಲೆ ಅದೇ ಮರಳು ಮರಳಿ ಬರುತ್ತದೆ. ಜುಲೈ-ಆಗಸ್ಟ್‌ನಲ್ಲಿ ಕೊರೆದುಹೋದ ದಡಕ್ಕೆ ಎಣ್ಣೆ ಬಂದು ಕೂತರೆ ಡಿಸೆಂಬರಿನ ಹೊತ್ತಿಗೆ ಅದರ ಮೇಲೆ ಹೊಸ ಮರಳಿನ ಹಾಸು ಬಿದ್ದಿರುತ್ತದೆ. ಮಾರ್ಚ್‌ನಲ್ಲಿ ಬಂದದ್ದಾದರೆ ಮುಂದಿನ ಜೂನ್‌ಗೆ ಮತ್ತೆ ಕಡಲಿಗೆ. ಅಂದರೆ ಯಾವ ತಿಂಗಳಲ್ಲಿ ತೋಡಿದಿರಿ ಎನ್ನುವುದೂ ಫಲಿತಾಂಶದ ಭಾಗ. ಏಪ್ರಿಲ್‌ನಲ್ಲಿ ಒಮ್ಮೆ, ಆಗಸ್ಟ್ ಕೊನೆಯಲ್ಲಿ ಒಮ್ಮೆ, ಅದೇ ಗೆರೆಯಲ್ಲಿ ಬೀಚಿನ ಏರಿಳಿತ ಅಳೆದು ತೋಡಿ.

ತೋಡುವ ಕ್ರಮ: ಹುಣ್ಣಿಮೆ ಅಥವಾ ಅಮಾವಾಸ್ಯೆಯ ದೊಡ್ಡ ಇಳಿತ ಹಿಡಿಯಿರಿ. ಉಬ್ಬರದ ಗೆರೆ, ನಡುಭಾಗ, ಇಳಿತದ ಅಂಚು, ಮೂರು ಕಡೆ ಅರ್ಧ ಮೀಟರ್ ಚೌಕದ ಗುಂಡಿ. ಆಳ ಕನಿಷ್ಠ ಅರ್ಧ ಮೀಟರ್, ಮರಳು ಕುಸಿಯದಿದ್ದರೆ ಒಂದು ಮೀಟರ್. ಗೋಡೆಗೆ ಅಳತೆ ಪಟ್ಟಿ ನಿಲ್ಲಿಸಿ ಫೋಟೋ. ಆಮೇಲೆ ಗೋಡೆಯ ಮೇಲ್ಮೈ ಒಂದು ಸೆಂ.ಮೀ. ಕೆರೆದುಬಿಡಿ, ಸಲಿಕೆಯಿಂದ ಬಳಿದದ್ದು ಹೋಗಲಿ. ಸ್ಯಾಂಪಲ್ ತೆಗೆಯುವುದು ಕೆಳಗಿನಿಂದ ಮೇಲಕ್ಕೆ. ಮೇಲಿನಿಂದ ಶುರುಮಾಡಿದರೆ ಮೇಲಿನ ಮರಳು ಉದುರಿ ಕೆಳಗಿನ ಪದರ ಕೆಡುತ್ತದೆ. ಅಳಿವೆಯ ಕೆಸರಿಗೆ ಕೊಳವೆ ಕೋರ್ ಒಳ್ಳೆಯದು, 2 ಸೆಂ.ಮೀ. ಬಿಲ್ಲೆಗಳಾಗಿ ಕೊಯ್ದು ಪ್ರತಿ ಬಿಲ್ಲೆಯ ಹೊರ ಅಂಚು ಅರ್ಧ ಸೆಂ.ಮೀ. ಬಿಸಾಡಿ.

ಗುಂಡಿಯಲ್ಲಿ ನೀರು ಊರಲು ಹತ್ತು ಹದಿನೈದು ನಿಮಿಷ ಬಿಡಿ. ನೀರಿನ ಮೇಲೆ ಬಣ್ಣಬಣ್ಣದ ಪೊರೆ ಬಂದಾಕ್ಷಣ ಎಣ್ಣೆ ಅಂದುಕೊಳ್ಳಬೇಡಿ. ಮುರಕಲ್ಲಿನ ನಾಡು ನಮ್ಮದು, ಕಬ್ಬಿಣದ ಬ್ಯಾಕ್ಟೀರಿಯಾದ ಪೊರೆ ಎಲ್ಲೆಂದರಲ್ಲಿ ಸಿಗುತ್ತದೆ. ಕಡ್ಡಿಯಿಂದ ಎಳೆದು ನೋಡಿ. ಗಾಜಿನ ಚೂರಿನಂತೆ ಒಡೆದು ದೂರ ನಿಂತರೆ ಬ್ಯಾಕ್ಟೀರಿಯಾ, ಹಿಂದಿನಿಂದಲೇ ಕೂಡಿಕೊಂಡರೆ ಎಣ್ಣೆ. ಮರಳಿನ ಕಪ್ಪು ಗೆರೆಯೂ ಹಾಗೆಯೇ: ಅಯಸ್ಕಾಂತಕ್ಕೆ ಅಂಟಿದರೆ ಅದು ಭಾರಖನಿಜ. ಕೆಸರು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಕಬ್ಬಿಣದ ಸಲ್ಫೈಡ್, ಗಾಳಿಗಿಟ್ಟರೆ ಸ್ವಲ್ಪ ಹೊತ್ತಿಗೆ ಬಣ್ಣ ಬಿಳಚಿಕೊಳ್ಳುತ್ತದೆ. ಎಣ್ಣೆ ಬಿಳಚುವುದಿಲ್ಲ.

ಡಾಂಬರು ಉಂಡೆಗಳ ಬಗ್ಗೆ ಒಂದು ಎಚ್ಚರಿಕೆ. ಗೋವಾ, ಕಾರವಾರ ಕಡೆ ಮಳೆಗಾಲದ ಹಿಂದೆಮುಂದೆ ಅವು ದಡಕ್ಕೆ ಬರುವುದು ಹೊಸದಲ್ಲ. 20 ಗ್ರಾಂ ಮರಳಿನ ಸ್ಯಾಂಪಲಿಗೆ ಕಡಲೆಬೇಳೆಯಷ್ಟು, 100 ಮಿ.ಗ್ರಾಂ. ಉಂಡೆ ಸೇರಿ, ಅದರಲ್ಲಿ ಅರ್ಧ ಹೈಡ್ರೋಕಾರ್ಬನ್ ಇದ್ದರೂ ರಿಪೋರ್ಟಿನಲ್ಲಿ ಕೆಜಿಗೆ 2,500 ಮಿ.ಗ್ರಾಂ. ಎಂದು ಬರುತ್ತದೆ. ಉಂಡೆಗಳನ್ನು ಆರಿಸಿ ಬೇರೆ ಫಾಯಿಲಿಗೆ ಹಾಕಿ, ಎಸೆಯಬೇಡಿ. ಮುಂದೆ ಬೇಕಾಗುತ್ತವೆ.

ಕಡಲಬದಿ:

ತುಂಬ ಉಪಕಾರ. ಮೊದಲಿನ ಸ್ಯಾಂಪಲ್‌ಗಳನ್ನು ಕೈಬಿಡುತ್ತೇನೆ. ತೊಂದರೆ ಎಂದರೆ ಪ್ರಾಜೆಕ್ಟಿನ ದುಡ್ಡಿನಲ್ಲಿ ಜಿಸಿ-ಎಂಎಸ್ ಎಂಟು ಸ್ಯಾಂಪಲಿಗೆ ಮಾತ್ರ ಆಗುತ್ತದೆ. ಮೂಲ ಎಣ್ಣೆಯ ಸ್ಯಾಂಪಲ್ ನನ್ನ ಹತ್ತಿರ ಇಲ್ಲ. ಡಿಪಾರ್ಟ್‌ಮೆಂಟಿನಲ್ಲಿ ಫ್ಲೋರೆಸೆನ್ಸ್ ಯಂತ್ರ (ಬೆಳಕು ಹಾಯಿಸಿ ಮರುಹೊಳಪು ಅಳೆಯುವುದು) ಇದೆ, ಸಾಲ್ವೆಂಟಿನಲ್ಲಿ ಸಾರ ತೆಗೆಯುವ ಸಾಕ್ಸ್‌ಲೆಟ್ ಇದೆ.

ಸಿಲಿಕಾಕಾಲಂ:

ಫ್ಲೋರೆಸೆನ್ಸ್ ಇದ್ದರೆ ಅರ್ಧ ಗೆದ್ದಂತೆ. ಮೇಲಿನವರು ಅದನ್ನು ಹೇಳಲೇ ಇಲ್ಲ, ಜಿಸಿಯವರಿಗೆ ಅದೆಂದರೆ ಸ್ವಲ್ಪ ಅಸಡ್ಡೆ. ಮೂವತ್ತು ನಲವತ್ತು ಸ್ಯಾಂಪಲ್ ಅದರಲ್ಲೇ ಜರಡಿ ಹಿಡಿಯಿರಿ. ಪ್ರಚೋದನೆ 310 ನ್ಯಾನೋಮೀಟರ್, ಓದುವುದು 360ರಲ್ಲಿ, ಸ್ಟ್ಯಾಂಡರ್ಡ್ ಕ್ರೈಸೀನ್. ಫಲಿತಾಂಶವನ್ನು ‘ಕ್ರೈಸೀನ್ ಸಮಾನ’ ಎಂದೇ ಬರೆಯಿರಿ, ‘ಒಟ್ಟು ಪೆಟ್ರೋಲಿಯಂ’ ಎಂದಲ್ಲ. ಅದಕ್ಕೆ ಕಾಣುವುದು ಅರೋಮ್ಯಾಟಿಕ್ ಮಾತ್ರ.

ಎರಡು ಕಡೆ ಕೈಕೊಡುತ್ತದೆ. ಕೆಸರಿನ ಸಾರದಲ್ಲಿ ಕೊಬ್ಬು, ಕ್ಲೋರೋಫಿಲ್ ಇದ್ದರೆ ಓದು ಕೆಡುತ್ತದೆ. ಮೆಥನಾಲ್-ಕೆಒಎಚ್‌ನಲ್ಲಿ ಕುದಿಸಿ ಸಾಬೂನಾಗಿಸಿ, ಹೆಕ್ಸೇನಿಗೆ ಎಳೆದು, ಸಿಲಿಕಾ ದಾಟಿಸಿ. ಎರಡನೆಯದು, ಎಣ್ಣೆ ಜಾಸ್ತಿಯಾದರೆ ಬೆಳಕು ತನ್ನನ್ನು ತಾನೇ ನುಂಗಿಕೊಳ್ಳುತ್ತದೆ. ಪ್ರತಿ ಸಾರವನ್ನೂ ಹತ್ತು ಪಟ್ಟು ತೆಳುಮಾಡಿ ಮತ್ತೆ ಓದಿ. ಓದು ಹತ್ತನೇ ಒಂದಕ್ಕೆ ಇಳಿಯಬೇಕು. ಅರ್ಧಕ್ಕೆ ಮಾತ್ರ ಇಳಿದರೆ ಮೊದಲಿನ ಅಂಕೆ ಸುಳ್ಳು, ಇನ್ನಷ್ಟು ತೆಳುಮಾಡಿ. ಅತಿ ಕೊಳಕು ಸ್ಯಾಂಪಲ್ ಅತಿ ಚೊಕ್ಕವಾಗಿ ಕಾಣುವುದು ಹೀಗೆಯೇ.

ಹೋಪೇನ್191:

ಅಸಡ್ಡೆ ಏನಿಲ್ಲ ಸರ್, ಜರಡಿಗೆ ಅದು ಸರಿ. ಆದರೆ ಮೂಲ ಯಾವುದು ಎಂದು ಅದು ಹೇಳುವುದಿಲ್ಲ. ಕೋರ್ಟಿಗೆ ಹೋಗುವ ಮಾತು ಬಂದರೆ ನಿಲ್ಲುವುದೂ ಇಲ್ಲ.

ಎಂಟು ಸ್ಯಾಂಪಲ್ ಹೀಗೆ ಹಂಚಿ: ಒಂದೇ ಗುಂಡಿಯ ಮೂರು ಪದರ, ಅಳಿವೆಯ ಒಂದು ಕೋರಿನಿಂದ ಮೇಲಿನದೊಂದು ಆಳದ್ದೊಂದು, ಹೊಳೆಯ ಮೇಲ್ಭಾಗದಲ್ಲಿ ಬೋಟು ಹೋಗದ ಜಾಗದ್ದೊಂದು, ಧಕ್ಕೆ ಬುಡದ್ದೊಂದು, ಡಾಂಬರು ಉಂಡೆ ಒಂದು. ಧಕ್ಕೆಯದು ಏಕೆಂದರೆ ಬೋಟುಗಳ ತಳದಲ್ಲಿ ನಿಂತ (ಬಿಲ್ಜ್) ನೀರು, ಡೀಸೆಲ್, ಸವೆದ ಇಂಜಿನ್ ಆಯಿಲ್ ನಿಮ್ಮ ನಿತ್ಯದ ಹಿನ್ನೆಲೆ. ಅದರ ಗುರುತು ಕೈಲಿಲ್ಲದಿದ್ದರೆ ಸೋರಿಕೆಯನ್ನು ಅದರಿಂದ ಬಿಡಿಸಲಾಗದು. ಅಲಾಸ್ಕದಲ್ಲೇ ವರ್ಷಗಟ್ಟಲೆ ವಾದ ನಡೆದದ್ದು ಇದರ ಮೇಲೆ: ಸಮುದ್ರತಳದ ಹೈಡ್ರೋಕಾರ್ಬನ್ ಹಿನ್ನೆಲೆ ನೈಸರ್ಗಿಕ ಎಣ್ಣೆ ಒಸರಿನದೋ ಕಲ್ಲಿದ್ದಲ ಕಣದ್ದೋ ಎಂದು. ಕಲ್ಲಿದ್ದಲಿನಲ್ಲಿ ಬಂಧಿಯಾದ ಪಿಎಎಚ್ ಜೀವಿಗಳಿಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲವಾದ್ದರಿಂದ ಆ ವ್ಯತ್ಯಾಸಕ್ಕೆ ಬೆಲೆ ಇತ್ತು. ನಿಮ್ಮ ಹತ್ತಿರ ಬಂದರಿದ್ದು ಕಲ್ಲಿದ್ದಲು ಇಳಿಸುತ್ತಿದ್ದರೆ ಈ ಮಾತು ನಿಮಗೂ ಸಲ್ಲುತ್ತದೆ.

ಲ್ಯಾಬ್ ಹಂತದಲ್ಲಿ ಕೆಡುವ ಜಾಗಗಳು. ಸಾರ ತೆಗೆಯುವ ಭಾಗವನ್ನು 105 ಡಿಗ್ರಿ ಓವನ್‌ನಲ್ಲಿ ಒಣಗಿಸಬೇಡಿ, ನ್ಯಾಫ್ತಲೀನ್ ಸಾಲು ಹಾರಿಹೋಗುತ್ತದೆ. ಫ್ರೀಝ್ ಡ್ರೈ ಮಾಡಿ, ಇಲ್ಲವೇ ನೀರಿಲ್ಲದ ಸೋಡಿಯಂ ಸಲ್ಫೇಟ್ ಬೆರೆಸಿ. ತೇವಾಂಶಕ್ಕೆ ಬೇರೆ ತುಂಡು. ಸಾಕ್ಸ್‌ಲೆಟ್‌ಗೆ ಹಾಕುವ ಮೊದಲೇ ಡ್ಯುಟೀರಿಯಂ (ಭಾರ ಜಲಜನಕ) ಹಾಕಿದ ನ್ಯಾಫ್ತಲೀನ್, ಫೆನಾಂತ್ರೀನ್, ಕ್ರೈಸೀನ್ ಸೇರಿಸಿ. ಕೊನೆಯಲ್ಲಿ ಎಷ್ಟು ಉಳಿಯಿತು ಎಂಬುದೇ ನಿಮ್ಮ ಸಾಕ್ಷಿ. 16 ಗಂಟೆ ಓಡಿಸಿ. ಕಾಂಡ್ಲಾ ಕೆಸರಾದರೆ ಗಂಧಕ ಖಂಡಿತ ಇರುತ್ತದೆ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು ಹೊಳೆಯುವಂತೆ ಮಾಡಿದ ತಾಮ್ರದ ಚೂರು ಫ್ಲಾಸ್ಕಿಗೆ ಹಾಕಿ. ಕಪ್ಪಾದರೆ ಇನ್ನಷ್ಟು ಹಾಕಿ, ಕಪ್ಪಾಗುವುದು ನಿಲ್ಲುವವರೆಗೆ. ಬಿಟ್ಟರೆ ಫೆನಾಂತ್ರೀನ್ ಅಕ್ಕಪಕ್ಕ ಗಂಧಕದ ದೊಡ್ಡ ದಿಬ್ಬ ಎದ್ದು ಎಲ್ಲವನ್ನೂ ಮುಚ್ಚುತ್ತದೆ. ನೈಟ್ರೋಜನ್ ಊದಿ ಇಳಿಸುವಾಗ ಪೂರ್ತಿ ಒಣಗಿಸಬೇಡಿ, ಅರ್ಧ ಮಿ.ಲೀ. ಉಳಿಯಲಿ.

ಓದುವಾಗ ಮೊದಲು ಆಲ್ಕೇನ್ ಸಾಲು ನೋಡಿ. ಸಿ29, ಸಿ31 ಮಾತ್ರ ಎದ್ದು ನಿಂತು, ಸಿ28, ಸಿ30 ಕುಗ್ಗಿದ್ದರೆ ಅದು ಎಲೆಯ ಮೇಣ. ಬೆಸ-ಸಮ ಎರಡೂ ಹೆಚ್ಚುಕಡಿಮೆ ಒಂದೇ ಎತ್ತರ, ಅಡಿಯಲ್ಲಿ ಬಿಡಿಸಲಾಗದ ಗುಡ್ಡ, ಆಗ ಪೆಟ್ರೋಲಿಯಂ. ಪ್ರಿಸ್ಟೇನ್, ಫೈಟೇನ್ ನಿಧಾನವಾಗಿ ಕರಗುವ ಕವಲು ಸರಪಳಿಯ ಆಲ್ಕೇನ್‌ಗಳು. ಪ್ರಿಸ್ಟೇನಿಗೆ ಹೋಲಿಸಿದರೆ ಸಿ17, ಫೈಟೇನಿಗೆ ಹೋಲಿಸಿದರೆ ಸಿ18 ಇಳಿದಿದ್ದರೆ ಬ್ಯಾಕ್ಟೀರಿಯಾ ಕೆಲಸ ಶುರುಮಾಡಿವೆ.

ಹೋಪೇನ್ ಲೆಕ್ಕ: ಅದು ಬಹುಕಾಲ ಕರಗುವುದಿಲ್ಲ, ಆದ್ದರಿಂದ ಅಳತೆಗೋಲು. ಮೂಲ ಎಣ್ಣೆಯಲ್ಲಿ ಸಿ2-ಫೆನಾಂತ್ರೀನ್ ಹೋಪೇನಿನ 6 ಪಟ್ಟಿದ್ದು, ನಿಮ್ಮ ಪದರದಲ್ಲಿ 1.5 ಪಟ್ಟು ಇದ್ದರೆ ಮುಕ್ಕಾಲು ಪಾಲು ಹೋಗಿದೆ. ಮೂಲ ಎಣ್ಣೆ ಇಲ್ಲದ ನಿಮಗೆ ಉಂಡೆಯ ಒಳತಿರುಳೇ ಗತಿ. ಹೊರ ಸಿಪ್ಪೆ ಕೊಯ್ದು ನಡುವಿನದನ್ನು ತೆಗೆಯಿರಿ, ಅದು ಕಡಿಮೆ ಹವೆ ತಿಂದಿರುತ್ತದೆ. ಆ ಉಂಡೆಯೂ ಪದರದ ಎಣ್ಣೆಯೂ ಒಂದೇ ಎಂದು ಮೊದಲು ಸಾಬೀತಾಗಬೇಕು. ಸಿ2, ಸಿ3 ಡೈಬೆಂಝೋಥಯೋಫೀನನ್ನು ಅದೇ ಬಾಲದ ಫೆನಾಂತ್ರೀನಿನಿಂದ ಭಾಗಿಸಿ ಎರಡನ್ನೂ ಒಂದು ಗ್ರಾಫಿನಲ್ಲಿಡಿ. ಎರಡು ವರ್ಗವೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಸವೆಯುವುದರಿಂದ ಈ ಅನುಪಾತ ಬಹಳ ದಿನ ಬದಲಾಗುವುದಿಲ್ಲ.

ವಿಷದ ಮಟ್ಟಕ್ಕೆ ಎಲ್ಲರೂ ಅಮೆರಿಕದ ಸಾಗರ-ಹವಾಮಾನ ಸಂಸ್ಥೆ ನೋವಾದ ಅಂಕೆ ಹಾಕುತ್ತಾರೆ: ಒಟ್ಟು ಪಿಎಎಚ್ ಗ್ರಾಮಿಗೆ 4,022 ನ್ಯಾನೋಗ್ರಾಂ ಕೆಳಮಿತಿ, 44,792 ಮೇಲ್ಮಿತಿ. ಆ ‘ಒಟ್ಟು’ ಬಹುಪಾಲು ಮೂಲ ಅಣುಗಳೇ ಇರುವ ಒಂದು ಚಿಕ್ಕ ಪಟ್ಟಿಯ ಮೊತ್ತ. ನೀವು ನಲವತ್ತು ಆಲ್ಕೈಲ್ ಕೂಡಿಸಿ ಅದಕ್ಕೆ ಹೋಲಿಸಿದರೆ ಪರೀಕ್ಷಕರು ಹಿಡಿಯುತ್ತಾರೆ.

ಕಾಂಡ್ಲಾಬೇರು:

ಯಾರೂ ಕೇಳಿಲ್ಲ, ಆದರೂ ಪ್ರಾಜೆಕ್ಟಿನ ಕೊನೆಯ ಅಧ್ಯಾಯದಲ್ಲಿ ‘ಪರಿಹಾರ: ಬ್ಯಾಕ್ಟೀರಿಯಾ ಸಿಂಪಡಿಸಬೇಕು’ ಎಂದು ಬರೆಯುವ ಚಾಳಿ ಇದೆಯಲ್ಲ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ.

ಒಂದು ಗ್ರಾಂ ಎಣ್ಣೆ ಪೂರ್ತಿ ಕರಗಲು 3 ಗ್ರಾಮಿಗಿಂತ ಹೆಚ್ಚು ಆಮ್ಲಜನಕ ಬೇಕು. ನಮ್ಮ ಬೆಚ್ಚಗಿನ ಕಡಲನೀರಿನಲ್ಲಿ ಕರಗಿರುವುದು ಲೀಟರಿಗೆ 6 ಮಿ.ಗ್ರಾಂ. ಆಸುಪಾಸು. ಅಂದರೆ ಒಂದು ಗ್ರಾಂ ಎಣ್ಣೆಗೆ 500 ಲೀಟರ್ ಹೊಸ ನೀರು ಮರಳಿನ ಸಂದಿನಲ್ಲಿ ಹಾದುಹೋಗಬೇಕು. ಮೇಲಿನ ಮರಳಿನಲ್ಲಿ ಉಬ್ಬರ-ಇಳಿತವೇ ಆ ಕೆಲಸ ಮಾಡುತ್ತದೆ. ಅಳಿವೆಯ ಕೆಸರಿನಲ್ಲಿ ಆಮ್ಲಜನಕ ಕೆಲವು ಮಿಲಿಮೀಟರ್‌ಗಿಂತ ಕೆಳಗೆ ಇಳಿಯುವುದೇ ಇಲ್ಲ. ಅಲ್ಲಿಗೆ ಗೊಬ್ಬರ ಹಾಕಿದರೂ ಬ್ಯಾಕ್ಟೀರಿಯಾ ತಂದು ಸುರಿದರೂ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಎಣ್ಣೆ ತಿನ್ನುವ ಆಲ್ಕಾನಿವೊರಾಕ್ಸ್‌ನಂಥ ಬ್ಯಾಕ್ಟೀರಿಯಾ ಕಡಲಲ್ಲಿ ಮೊದಲೇ ಇವೆ, ಆಹಾರ ಬಂದರೆ ತಾವೇ ಹೆಚ್ಚುತ್ತವೆ. ಅಲಾಸ್ಕದಲ್ಲಿ ಫಲ ಕೊಟ್ಟದ್ದು ಗೊಬ್ಬರ, ಅದೂ ನೀರು ಆಡುವ ಬೀಚ್‌ಗಳಲ್ಲಿ. ಮರಳಿನ ಸಂದಿನ ನೀರಿನಲ್ಲಿ ಸಾರಜನಕ ಲೀಟರಿಗೆ 2ರಿಂದ 10 ಮಿ.ಗ್ರಾಂ. ನಿಲ್ಲುವಂತೆ ನೋಡಿಕೊಳ್ಳಬೇಕು. ಈಗಾಗಲೇ ಅಷ್ಟಿದ್ದರೆ ಹಾಕಿ ಪ್ರಯೋಜನವಿಲ್ಲ. ಮೊದಲು ಅಳೆಯಿರಿ.

ಬಿಸಿನೀರಿನ ಜೋರು ಪಿಚಕಾರಿಯನ್ನೂ ಅಲ್ಲೇ ಬಳಸಿದ್ದರು. ಬಂಡೆ ಚೊಕ್ಕವಾಯಿತು, ಬಂಡೆಗಂಟಿದ ಜೀವಿಗಳೂ ಬೆಂದವು. ಸಣ್ಣ ಕಣ ತೊಳೆದುಹೋಯಿತು.

2017ರ ಜನವರಿ 28ರಂದು ಚೆನ್ನೈ ಬಳಿಯ ಎಣ್ಣೂರಿನಲ್ಲಿ ಬಿಡಬ್ಲ್ಯು ಮೇಪಲ್, ಡಾನ್ ಕಾಂಚಿಪುರಂ ಹಡಗುಗಳು ಡಿಕ್ಕಿಯಾದಾಗ ಚೆಲ್ಲಿದ್ದು ಭಾರದ ಇಂಧನ ಎಣ್ಣೆ. ಪಂಪಿಗೆ ಹತ್ತದ ಗಸಿಯನ್ನು ಜನ ಬಕೆಟ್ಟಿನಲ್ಲಿ ಮೊಗೆದರು. ಅಂಥ ಎಣ್ಣೆಗೆ ತೂಕದಲ್ಲಿ ಶೇ. 2-3ರಷ್ಟು ಮರಳು ಬೆರೆತರೂ ಮುಳುಗುತ್ತದೆ, ಆಮೇಲೆ ತೇಲುಬೇಲಿ ಹಾಕಿ ಉಪಯೋಗವಿಲ್ಲ. ಮರಳಿನೊಡನೆ ಎತ್ತಿದರೆ ತ್ಯಾಜ್ಯ ಬೆಟ್ಟವಾಗುತ್ತದೆ: ಶೇ. 5 ಎಣ್ಣೆಯ ಮರಳಾದರೆ ಒಂದು ಟನ್ ಎಣ್ಣೆಗೆ 20 ಟನ್ ಲಾರಿಗೆ. ಜೆಸಿಬಿ ಇಳಿಸಿ ಒಂದಡಿ ಕೆರೆಯುವುದಕ್ಕಿಂತ ಕೈ ಸಲಿಕೆಯಲ್ಲಿ ಮೇಲಿನ ಪದರ ಎತ್ತುವುದೇ ವಾಸಿ. ಉಳಿದ ಬಣ್ಣದ ಮರಳನ್ನು ಇಳಿತದ ಅಂಚಿಗೆ ದೂಡಿ ಅಲೆಗೆ ತೊಳೆಯಲು ಬಿಡಬಹುದು. ಕಡಲಾಮೆ ಮೊಟ್ಟೆಯಿಡುವ ತಿಂಗಳಾದರೆ ಅರಣ್ಯ ಇಲಾಖೆಯನ್ನು ಕೇಳದೆ ಮರಳು ಮುಟ್ಟಬೇಡಿ. ದಡದ ಮೇಲೆ ಡಿಸ್ಪರ್ಸೆಂಟ್ (ಎಣ್ಣೆ ಚೆದುರಿಸುವ ರಾಸಾಯನಿಕ), ಸೋಪು ಯಾವುದೂ ಬೇಡ, ಎಣ್ಣೆಯನ್ನು ಇನ್ನೂ ಆಳಕ್ಕೆ ಕಳಿಸುತ್ತದೆ.

ಕಾಂಡ್ಲಾ ಒಳಗಂತೂ ಕಾಲಿಡುವುದೇ ತಪ್ಪು. ಒಂದೊಂದು ಹೆಜ್ಜೆಯೂ ಎಣ್ಣೆಯನ್ನು ಕೆಸರಿನ ಆಳಕ್ಕೆ ತುಳಿಯುತ್ತದೆ. ಪನಾಮಾದ ಬಹಿಯಾ ಲಾಸ್ ಮಿನಾಸ್‌ನಲ್ಲಿ 1986ರಲ್ಲಿ ಚೆಲ್ಲಿದ ಕಚ್ಚಾ ಎಣ್ಣೆ ಐದು ವರ್ಷದ ಮೇಲೂ ಕಾಂಡ್ಲಾ ಕೆಸರಿನಿಂದ ಒಸರುತ್ತಿತ್ತು. ಅಮೆರಿಕದ ವೆಸ್ಟ್ ಫಾಲ್ಮತ್‌ನ ಜವುಗಿಗೆ 1969ರಲ್ಲಿ ಒಂದು ಬಾರ್ಜ್‌ನಿಂದ ಇಂಧನ ಎಣ್ಣೆ ನುಗ್ಗಿತು. ಮೂರು ದಶಕ ಕಳೆದರೂ ಹತ್ತಿಪ್ಪತ್ತು ಸೆಂ.ಮೀ. ಆಳದಲ್ಲಿ ಅದು ಸಿಕ್ಕಿತು. ಅಲ್ಲಿನ ಏಡಿಗಳ ಬಿಲ ನೇರ ಕೆಳಗಿಳಿದು, ಎಣ್ಣೆ ಪದರ ಬರುತ್ತಲೇ ಅಡ್ಡಕ್ಕೆ ತಿರುಗಿರುತ್ತಿತ್ತು.

ಕಡಲಬದಿಯವರೇ, ನಿಮ್ಮ ಅಳಿವೆಯಲ್ಲೂ ಕೋರ್ ಹಾಕುವ ಮೊದಲು ಏಡಿ ಬಿಲಕ್ಕೆ ಪ್ಲಾಸ್ಟರ್ ಸುರಿದು ಗಟ್ಟಿಯಾದ ಮೇಲೆ ಎತ್ತಿ ನೋಡಿ. ಖರ್ಚು ಕಡಿಮೆ. ಬಿಲ ಯಾವ ಆಳದಲ್ಲಿ ತಿರುಗುತ್ತದೋ ಆ ಬಿಲ್ಲೆಯನ್ನು ಎಂಟರಲ್ಲಿ ಒಂದಾಗಿ ಸೇರಿಸಿ. ಕಲ್ಲು, ಬೇರು ಅಡ್ಡ ಬಂದು ತಿರುಗಿದ್ದರೆ ಎಣಿಸಬೇಡಿ, ಹತ್ತು ಬಿಲವಾದರೂ ನೋಡಿ.